ಅಪ್ಪ ಮದುವೆ ಕಾರ್ಡ್ ಮಾಡುವ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ಸಲಹೆ ಕೊಡಿ (ಪೆಂಟಿಯಂ 3, ವಿಂಡೋಸ್ 98)

ಮಂಡಿಪೇಟೆ ಮುದ್ರಣ, ತುಮಕೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ 1999ರಿಂದ ತುಮಕೂರಿನ ಮಂಡಿಪೇಟೆಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್, ಜಾತ್ರೆಯ ಕರಪತ್ರ. ಅವತ್ತು ತಂದ ಕಂಪ್ಯೂಟರೇ ಇವತ್ತಿಗೂ ಇದೆ. ಪೆಂಟಿಯಂ 3, 500 ಮೆಗಾಹರ್ಟ್ಸ್. ರ್ಯಾಮ್ 128 ಎಂಬಿ. ವಿಂಡೋಸ್ 98 ಸೆಕೆಂಡ್ ಎಡಿಷನ್, ಪೇಜ್‌ಮೇಕರ್ 6.5. ಬೇರೆ ಕೆಲಸಕ್ಕೆ ನನ್ನ ಹತ್ತಿರ ಲ್ಯಾಪ್‌ಟಾಪ್ ಇದೆ. ಆದರೆ ಹಳೆ ಗಿರಾಕಿಗಳ ಕಾರ್ಡುಗಳೆಲ್ಲ ಇದರಲ್ಲೇ ಇವೆ. ಅಪ್ಪನ ಕೈ ಕೂತಿರುವುದೂ ಇದರ ಕೀಬೋರ್ಡಿಗೇ.

ಎರಡು ತಿಂಗಳ ಹಿಂದೆ ಹಳೆಯ ಡಬ್ಬದಂಥ ಮಾನಿಟರ್ ಕೆಟ್ಟಿತು. ಸೆಕೆಂಡ್ ಹ್ಯಾಂಡ್ 19 ಇಂಚಿನ ಎಲ್‌ಸಿಡಿ ತಂದೆ. ಅದರ ಸರಿಯಾದ ರೆಸಲ್ಯೂಷನ್ 1280×1024. ಅಷ್ಟಕ್ಕೆ ಇಟ್ಟರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 16 ಬಿಟ್ ಬಣ್ಣ ಮಾತ್ರ ಸಿಗುತ್ತದೆ. ಕಾರ್ಡಿನ ಮೇಲೆ ಕೇಸರಿಯಿಂದ ಹಳದಿಗೆ ಹೋಗುವ ಶೇಡ್ ಇರುತ್ತದಲ್ಲ, ಅದು ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. 800×600ಕ್ಕೆ ಇಳಿಸಿದರೆ ಅಕ್ಷರವೆಲ್ಲ ಊದಿಕೊಂಡ ಹಾಗೆ ಮಸುಕು.

ಬಣ್ಣ ಹೋಗಲಿ ಅನ್ನಬಹುದು. ಅಕ್ಷರ ಬಿಡೋಕಾಗಲ್ಲ. ಅಪ್ಪನಿಗೆ 67 ವರ್ಷ. 'ಲಕ್ಷ್ಮೀ' ಬರೆಯುವಾಗ ಕ್ಷ ಕೆಳಗಿನ ಮ ಒತ್ತು ಬಿತ್ತೋ ಇಲ್ಲವೋ ಅಂತ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಹೋದ ವಾರ ಒಂದು ಕಾರ್ಡಿನಲ್ಲಿ ಒತ್ತು ತಪ್ಪಿಹೋಗಿ 300 ಪ್ರತಿ ಮತ್ತೆ ಹೊಡೆಸಿದೆವು. ಅವತ್ತು ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ಈಗಿರುವ ಗ್ರಾಫಿಕ್ಸ್ ಕಾರ್ಡ್ ಯಾವುದು ಗೊತ್ತಿಲ್ಲ. ಚಿಪ್ ಮೇಲಿನ ಅಕ್ಷರ ಅಳಿಸಿದೆ. ಆನ್ ಮಾಡಿದಾಗ ಮೊದಲ ಸಾಲಿನಲ್ಲಿ 4096ಕೆ ಅಂತ ಬರುತ್ತದೆ. ಬೇರೆ ಕಾರ್ಡ್ ಹಾಕಿದರೆ ಸರಿಹೋಗುತ್ತದಾ? ಯಾವುದು ತರಲಿ? ಅಕ್ಕನ ಮಗ ರಜೆಗೆ ಬಂದಾಗ ಅದರಲ್ಲಿ ಕಾರ್ ರೇಸ್ ಆಡಬೇಕು ಅನ್ನುತ್ತಾನೆ. ಅದು ಆಮೇಲಿನ ಮಾತು.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಮೇಡಂ, ನಮಸ್ಕಾರ. ಕಂಪ್ಯೂಟರ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಕಾರ್ಡಿನ ಮೆಮೊರಿ ಸಾಲುತ್ತಿಲ್ಲ, ಅಷ್ಟೇ. ಲೆಕ್ಕ ಸುಲಭ.

1280ನ್ನು 1024ರಿಂದ ಗುಣಿಸಿದರೆ ಪರದೆಯ ಮೇಲಿನ ಒಟ್ಟು ಚುಕ್ಕಿ. 13,10,720 ಬರುತ್ತದೆ. 32 ಬಿಟ್ ಬಣ್ಣಕ್ಕೆ ಒಂದು ಚುಕ್ಕಿಗೆ 4 ಬೈಟ್ ಬೇಕು. ಅಲ್ಲಿಗೆ 52,42,880 ಬೈಟ್, ಸರಿಯಾಗಿ 5 ಎಂಬಿ. ನಿಮ್ಮ 4096ಕೆ ಅಂದರೆ 4 ಎಂಬಿ. 5 ಸೇರು ಅಕ್ಕಿ 4 ಸೇರಿನ ಡಬ್ಬಕ್ಕೆ ಹಿಡಿಯುವುದಿಲ್ಲ. 16 ಬಿಟ್‌ಗೆ ಚುಕ್ಕಿಗೆ 2 ಬೈಟ್ ಸಾಕು, ಎರಡೂವರೆ ಎಂಬಿಗೆ ಮುಗಿಯುತ್ತದೆ. ಅದಕ್ಕೇ ಅದು ಮಾತ್ರ ಸಿಗುತ್ತಿದೆ. ಹಳೆಯ ಮಾನಿಟರಿನಲ್ಲಿ 1024×768 ಇಟ್ಟಿದ್ದಿರಬೇಕು. ಅದಕ್ಕೆ 32 ಬಿಟ್‌ನಲ್ಲೂ 3 ಎಂಬಿ ಸಾಕು. ಇಷ್ಟು ವರ್ಷ ತೊಂದರೆ ಕಾಣದಿರಲು ಅದೇ ಕಾರಣ.

ಅಕ್ಷರ ಮಸುಕಾಗುವುದು ಬೇರೆ ವಿಷಯ. ಹಳೆ ಮಾನಿಟರಿಗೆ ಯಾವ ರೆಸಲ್ಯೂಷನ್ ಕೊಟ್ಟರೂ ಒಗ್ಗಿಕೊಳ್ಳುತ್ತಿತ್ತು. ಎಲ್‌ಸಿಡಿಯಲ್ಲಿ ಚುಕ್ಕಿಗಳು ಲೆಕ್ಕಕ್ಕೆ ಸರಿಯಾಗಿ ಕೂತಿರುತ್ತವೆ. 800×600 ಕೊಟ್ಟರೆ ಅದನ್ನು ಎಳೆದು ಹಿಗ್ಗಿಸಬೇಕು. ಹಿಗ್ಗಿಸಿದಾಗ ಮೊದಲು ಹಾಳಾಗುವುದೇ ಒತ್ತಕ್ಷರ. ಹಾಗಾಗಿ 1280×1024 ಬಿಟ್ಟು ಕೆಳಗೆ ಇಳಿಯಬೇಡಿ.

ಕಾರ್ಡ್ ಹೆಸರು ಹೇಳುವ ಮೊದಲು ಮದರ್‌ಬೋರ್ಡ್ ಯಾವುದು ತಿಳಿಯಬೇಕು. ಕರೆಂಟ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಈಗಿನ ಕಾರ್ಡ್ ಕೂತಿರುವ ಸ್ಲಾಟಿನ ಬಣ್ಣ ನೋಡಿ ಹೇಳಿ.

ಚಿಂತಾಮಣಿ ನೆಟ್‌ವರ್ಕ್

ಅಕ್ಕ, ಬೇಸರ ಮಾಡಿಕೊಳ್ಳಬೇಡಿ. 25 ವರ್ಷದ ಯಂತ್ರಕ್ಕೆ ದುಡ್ಡು ಹಾಕುವ ಬದಲು ಹೊಸ ಕಂಪ್ಯೂಟರ್ ತಗೊಂಡು ಅದರೊಳಗೆ ವಿಂಡೋಸ್ 98ನ್ನು ವರ್ಚುವಲ್ ಮಷೀನ್ ಆಗಿ ಓಡಿಸಬಹುದಲ್ವಾ? ನಮ್ಮ ಕಚೇರಿಯಲ್ಲಿ ಹಳೆಯ ಲೆಕ್ಕದ ಸಾಫ್ಟ್‌ವೇರನ್ನು ಹಾಗೇ ಓಡಿಸುತ್ತಿದ್ದೇವೆ.

ಮಂಡಿಪೇಟೆ ಮುದ್ರಣ, ತುಮಕೂರು

ಬೇಸರ ಏನಿಲ್ಲ ತಮ್ಮಾ. ನಾನೂ ಅದನ್ನೇ ಯೋಚಿಸಿದ್ದೆ. ನಮ್ಮ ಕನ್ನಡ ಫಾಂಟಿನ ಸಾಫ್ಟ್‌ವೇರಿಗೆ ಒಂದು ಲಾಕ್ ಇದೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕು. ಅದು ಇಲ್ಲದಿದ್ದರೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಂಥ ಪೋರ್ಟೇ ಇಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಯುಎಸ್‌ಬಿಯಿಂದ ಪ್ಯಾರಲಲ್‌ಗೆ (ಪ್ಯಾರಲಲ್ ಅಂದರೆ ಅದೇ ಪ್ರಿಂಟರ್ ಪೋರ್ಟು) ಬದಲಾಯಿಸುವ ಕೇಬಲ್ ತಂದರೂ ಕೆಲಸ ಆಗುವುದಿಲ್ಲ ಮೇಡಂ. ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಹಾಳು. ಆ ಕೇಬಲ್ ಪ್ರಿಂಟರಿಗೆ ಮಾತ್ರ. ಲಾಕ್ ಹುಡುಕುವ ಸಾಫ್ಟ್‌ವೇರ್ ನೇರವಾಗಿ 378 ಅನ್ನುವ ಪೋರ್ಟ್ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದೆ. ಕೇಬಲ್ ಹಾಕಿದರೆ ಆ ವಿಳಾಸದಲ್ಲಿ ಯಾರೂ ಇರುವುದಿಲ್ಲ.

ಇನ್ನು ಫೈಲುಗಳ ಮಾತು. ಆ ಕಾಲದಲ್ಲಿ ಒಂದೊಂದು ಕಂಪನಿಯ ಕನ್ನಡ ಫಾಂಟಿಗೂ ಒಂದೊಂದು ಸಂಕೇತ. ವಿಂಡೋಸ್ ಒಳಗೇ ಎಲ್ಲರಿಗೂ ಒಂದೇ ಸಂಕೇತವಾದ ಯೂನಿಕೋಡ್ ಕನ್ನಡ, ತುಂಗಾ ಫಾಂಟ್ ಎಲ್ಲ ಬಂದದ್ದು 2001ರ ಎಕ್ಸ್‌ಪಿಯಿಂದ. 98ರಲ್ಲಿ ಅದು ಇಲ್ಲ. ನುಡಿ, ಬರಹದಲ್ಲಿ ಬರೆದದ್ದನ್ನು ಬದಲಾಯಿಸಲು ಪರಿವರ್ತಕಗಳಿವೆ. ಆದರೆ ಪೇಜ್‌ಮೇಕರ್ ಒಳಗೆ ಜೋಡಿಸಿಟ್ಟ ಮದುವೆ ಕಾರ್ಡನ್ನು ಹಾಗೇ ಎತ್ತಿ ಆಚೆ ಇಡುವುದು ಸುಲಭದ ಕೆಲಸವಲ್ಲ. ಅಪ್ಪ ಆ ಯಂತ್ರದಲ್ಲೇ ಕೆಲಸ ಮಾಡುವುದು ಸರಿಯಾಗೇ ಇದೆ. ಅದನ್ನು ಚೆನ್ನಾಗಿ ಇಟ್ಟುಕೊಳ್ಳೋಣ.

ಚಿಂತಾಮಣಿ ನೆಟ್‌ವರ್ಕ್

ಲಾಕ್ ವಿಷಯ ನನಗೆ ಹೊಳೆಯಲಿಲ್ಲ. ನನ್ನ ಸಲಹೆ ವಾಪಸ್. ಕಾರ್ಡ್ ಹಾಕುವುದೇ ಸರಿ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಅಕ್ಕಾ, ಅಂಗಡಿಗೆ ಹೋಗಿ "ಎಜಿಪಿ ಕಾರ್ಡ್ ಕೊಡಿ" ಅಂತ ಸುಮ್ನೆ ತಂದುಬಿಡಬೇಡಿ. ಎಜಿಪಿ ಅಂದರೆ ಆ ಕಾಲದ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದೇ ಇದ್ದ ಸ್ಲಾಟ್. ನಾನು ಹಾಗೆ ಮಾಡಿ ಒಂದು ಬೋರ್ಡನ್ನೇ ಕಳಕೊಂಡೆ.

2005ರ ಸುಮಾರಿಗೆ ನನ್ನ ಹತ್ತಿರ ಇಂಟೆಲ್ 845 ಚಿಪ್‌ಸೆಟ್‌ನ ಪೆಂಟಿಯಂ 4 ಇತ್ತು. ಗೆಳೆಯ ಹಳೆಯ ಕಾರ್ಡೊಂದು ಕೊಟ್ಟ. ಸ್ಲಾಟಿಗೆ ಸರಾಗವಾಗಿ ಇಳಿಯಿತು. ಸ್ವಿಚ್ ಹಾಕಿದೆ. ಒಂದು ಕ್ಷಣ ಫ್ಯಾನ್ ತಿರುಗಿತು. ಆಮೇಲೆ ಸುಟ್ಟ ವಾಸನೆ. ಕಾರ್ಡ್ ತೆಗೆದು ಹಳೆಯದು ಹಾಕಿದರೂ ಬೋರ್ಡ್ ಏಳಲಿಲ್ಲ. ಅಮ್ಮ ಚೀಟಿ ದುಡ್ಡಿನಲ್ಲಿ ಕೊಡಿಸಿದ್ದ ಕಂಪ್ಯೂಟರ್ ಅದು. ಮನೆಯಲ್ಲಿ ಹೇಳಲು ನನಗೆ ಮೂರು ದಿನ ಬೇಕಾಯಿತು.

ಕಾರಣ ವೋಲ್ಟೇಜ್. 1997ರ ಸುಮಾರಿಗೆ ಬಂದ ಮೊದಲ ಎಜಿಪಿ 3.3 ವೋಲ್ಟಿನದು. ಆಮೇಲೆ ನಾಲ್ಕು ಪಟ್ಟು ವೇಗದ 4ಎಕ್ಸ್ ಬಂದಾಗ 1.5 ವೋಲ್ಟ್ ಆಯಿತು. 8ಎಕ್ಸ್ ಬಂದಾಗ 0.8ಕ್ಕೆ ಇಳಿಯಿತು. ಮೂರನ್ನೂ ಎಜಿಪಿ ಅಂತಲೇ ಕರೆಯುತ್ತಾರೆ. ನನ್ನ 845 ಬೋರ್ಡ್ 1.5 ಮಾತ್ರ ತಡೆಯುವಂಥದ್ದು. ಕಾರ್ಡ್ 3.3ರದು.

ತಪ್ಪಾಗದಿರಲಿ ಅಂತಲೇ ಕಾರ್ಡಿನ ಕೆಳಅಂಚಿನಲ್ಲಿ ಕಚ್ಚು ಬಿಟ್ಟಿರುತ್ತಾರೆ. ಮಾನಿಟರ್ ವೈರ್ ಸಿಕ್ಕಿಸುವ ತಗಡಿನ ಪಟ್ಟಿ ಇದೆಯಲ್ಲ, ಅದಕ್ಕೆ ಹತ್ತಿರದ ಕಚ್ಚು 3.3ರದು. ದೂರದ ಕಚ್ಚು 1.5ರದು. ಎರಡೂ ಇದ್ದರೆ ಎರಡಕ್ಕೂ ಆಗುತ್ತದೆ ಅಂತ ಅರ್ಥ. ಸ್ಲಾಟಿನೊಳಗೂ ಅದಕ್ಕೆ ಸರಿಯಾಗಿ ಒಂದು ಅಡ್ಡಗಟ್ಟೆ ಇರುತ್ತದೆ. ನನ್ನ ದುರದೃಷ್ಟಕ್ಕೆ ಆ ಕಾರ್ಡ್ ಮಾಡಿದವರು ಎರಡು ಕಚ್ಚು ಕೊಟ್ಟಿದ್ದರು, ಒಳಗೆ ಮಾತ್ರ 3.3ರ ಚಿಪ್. ಅದಕ್ಕೇ ಹೇಳುತ್ತೇನೆ, ಕಚ್ಚನ್ನೂ ನೋಡಿ, ಚಿಪ್ಪಿನ ಹೆಸರನ್ನೂ ನೋಡಿ.

ನಿಮ್ಮದು 1999ರ ಪೆಂಟಿಯಂ 3. ಬಹುಶಃ 3.3ರ ಸ್ಲಾಟ್ ಇರುತ್ತದೆ. ಹಾಗಿದ್ದರೆ ದೂರದ ಕಚ್ಚು ಮಾತ್ರ ಇರುವ ಹೊಸ ಕಾರ್ಡ್ ಒಳಗೇ ಹೋಗುವುದಿಲ್ಲ. ಬಲವಂತ ಮಾಡಬೇಡಿ.

ಮಂಡಿಪೇಟೆ ಮುದ್ರಣ, ತುಮಕೂರು

ಇವತ್ತು ಬಿಚ್ಚಿ ನೋಡಿದೆ. ಸ್ಲಾಟ್ ಕಂದು ಬಣ್ಣದ್ದು. ಬಿಳಿ ಸ್ಲಾಟುಗಳಿಗಿಂತ ಸ್ವಲ್ಪ ಹಿಂದೆ ಸರಿದು ಕೂತಿದೆ. ಅಡ್ಡಗಟ್ಟೆ ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಹತ್ತಿರ ಇದೆ. ಬೋರ್ಡಿನ ದೊಡ್ಡ ಚಿಪ್ಪಿನ ಮೇಲಿನ ಧೂಳು ಒರೆಸಿದಾಗ ಇಂಟೆಲ್ ಅಂತ ಕಂಡಿತು. ಕೆಳಗೆ 82443ಬಿಎಕ್ಸ್ ಅಂತ ಇದೆ. ಒಳಗೆ ಧೂಳು ಅಂದರೆ ಎಷ್ಟು ಅಂತೀರಿ! ಪಕ್ಕದಲ್ಲೇ ಕಾಗದ ಕತ್ತರಿಸುವ ಮಷೀನ್ ಇರುವುದರಿಂದ ಹತ್ತಿಯ ಹಾಗೆ ಕೂತಿತ್ತು.

ಕ್ಲಾಕ್ ಟವರ್ ರಿಪೇರಿ, ಕೋಲಾರ

82443ಬಿಎಕ್ಸ್ ಅಂದರೆ 440ಬಿಎಕ್ಸ್ ಚಿಪ್‌ಸೆಟ್! ಮೇಡಂ, ನಿಮ್ಮ ತಂದೆ ಒಳ್ಳೆಯ ಬೋರ್ಡ್ ತಂದಿದ್ದಾರೆ. 1998ರಲ್ಲಿ ಬಂದ ಚಿಪ್‌ಸೆಟ್. ನಾನು ರಿಪೇರಿ ಮಾಡಿದ ಬೋರ್ಡುಗಳಲ್ಲಿ ಇಷ್ಟು ಗಟ್ಟಿಯಾದವು ಕಡಿಮೆ. ಎಜಿಪಿ 2ಎಕ್ಸ್, 3.3 ವೋಲ್ಟ್. ಕೆಜಿಎಫ್ ತಮ್ಮ ಹೇಳಿದ್ದು ಸರಿ. ನಿಮಗೆ ಬೇಕಾದದ್ದು ಎರಡು ಕಚ್ಚಿನ ಕಾರ್ಡ್.

ಸಿಪಿಯು ಪಕ್ಕದಲ್ಲಿ ಪುಟ್ಟ ಡ್ರಮ್ಮುಗಳ ಹಾಗೆ ಕೆಪಾಸಿಟರ್ ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿದೆಯಾ, ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಮೊದಲು ಅದರ ಕೆಲಸ, ಆಮೇಲೆ ಕಾರ್ಡು.

ಮಂಡಿಪೇಟೆ ಮುದ್ರಣ, ತುಮಕೂರು

ಎಲ್ಲವೂ ಚಪ್ಪಟೆ ಇವೆ ಅಣ್ಣ.

ಪಿನಾಕಿನಿ ದಡ, ಗೌರಿಬಿದನೂರು

ಹಾಗಾದರೆ ಯೋಚನೆಯೇ ಬೇಡ, ಜಿಫೋರ್ಸ್2 ಎಂಎಕ್ಸ್ 400 ತನ್ನಿ. 64 ಎಂಬಿ. ಕರೆಂಟ್ ಕಡಿಮೆ ತಿನ್ನುತ್ತದೆ, 3.3ಕ್ಕೆ ಹೊಂದುತ್ತದೆ, ವಿಂಡೋಸ್ 98ಕ್ಕೆ ಡ್ರೈವರ್ ಇದೆ. 2001ರಲ್ಲಿ ನಾನು ಮೊದಲ ಸಲ ಹಾಕಿದ್ದು ಅದೇ. ಅಕ್ಕನ ಮಗನಿಗೂ ಖುಷಿ. ಅವನು ರೋಡ್ ರಾಶ್ ಆಡುವುದಾದರೆ ಅದಕ್ಕೆ ಈಗಿರುವ 4 ಎಂಬಿಯೇ ಸಾಕು, ಅದರ ಚಿತ್ರವನ್ನೆಲ್ಲ ಸಿಪಿಯುವೇ ಬರೆಯುತ್ತದೆ. ನೀಡ್ ಫಾರ್ ಸ್ಪೀಡ್ ಅಂದರೆ ಎಂಎಕ್ಸ್ ಬೇಕು.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಇಲ್ಲಿ ನಾನು ಒಪ್ಪುವುದಿಲ್ಲ. ಎಂಎಕ್ಸ್ 400 ಆಟಕ್ಕೆ ಒಳ್ಳೆಯ ಕಾರ್ಡ್, ನಿಜ. ಇಲ್ಲಿ ಕೆಲಸ ಆಟದ್ದಲ್ಲ, ಅಕ್ಷರದ್ದು.

ಮಾನಿಟರಿನ ಮಾಮೂಲಿ ವಿಜಿಎ ವೈರಿನಲ್ಲಿ ಹೋಗುವುದು ಅನಲಾಗ್ ಸಿಗ್ನಲ್. ಕಾರ್ಡಿನೊಳಗೆ ಅಂಕಿಗಳಾಗಿದ್ದ ಚಿತ್ರವನ್ನು ರ್ಯಾಮ್‌ಡ್ಯಾಕ್ ಅನ್ನುವ ಭಾಗ ವೋಲ್ಟೇಜ್ ಆಗಿ ಬದಲಾಯಿಸುತ್ತದೆ. ಅಲ್ಲಿಂದ ಸಿಗ್ನಲ್ ಪೋರ್ಟಿಗೆ ಬರುವ ದಾರಿಯಲ್ಲಿ ಸಣ್ಣ ಫಿಲ್ಟರುಗಳಿರುತ್ತವೆ. ಜಿಫೋರ್ಸ್2 ಕಾಲದ ಅಗ್ಗದ ಕಾರ್ಡುಗಳಲ್ಲಿ ಕೆಲವು ತಯಾರಕರು ಈ ಫಿಲ್ಟರಿಗೆ ಕಡಿಮೆ ಬೆಲೆಯ ಬಿಡಿಭಾಗ ಹಾಕುತ್ತಿದ್ದರು. 800×600ರಲ್ಲಿ ಅದು ಗೊತ್ತಾಗುವುದಿಲ್ಲ. 1280×1024ಕ್ಕೆ 60 ಹರ್ಟ್ಸ್‌ನಲ್ಲಿ ಒಂದು ಸೆಕೆಂಡಿಗೆ 10.8 ಕೋಟಿ ಚುಕ್ಕಿಯ ವೇಗ ಬೇಕು. ಆ ವೇಗದಲ್ಲಿ ಕಪ್ಪು ಗೆರೆಯ ಅಂಚು ಬೂದಿ ಬಣ್ಣಕ್ಕೆ ಕರಗುತ್ತದೆ. ಇಂಗ್ಲಿಷ್ ಅಕ್ಷರವಾದರೆ ಹೇಗೋ ಓದಬಹುದು. ನಮ್ಮಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು, ಅದರ ಪಕ್ಕ ದೀರ್ಘ, ಎಲ್ಲವೂ ಒಂದಷ್ಟೇ ಜಾಗದಲ್ಲಿ. ಒತ್ತಿನ ಕೊಂಡಿ ಎರಡು ಚುಕ್ಕಿ ಅಗಲ ಇರುತ್ತದೆ. ಅದರಲ್ಲಿ ಅರ್ಧ ಕರಗಿದರೆ ಏನು ಉಳಿಯಿತು?

ಆ ಕಾಲದಲ್ಲಿ ಅಕ್ಷರದ ಸ್ಪಷ್ಟತೆಗೆ ಹೆಸರಾದದ್ದು ಕೆನಡಾದ ಮ್ಯಾಟ್ರಾಕ್ಸ್ ಕಾರ್ಡುಗಳು. ಜಿ400, ಜಿ450. ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಆದರೆ ನಮ್ಮ ಕಡೆ ಸಿಗುವುದು ಕಷ್ಟ.

ಇನ್ನೊಂದು ದಾರಿ ಇದೆ. ನಿಮ್ಮ ಎಲ್‌ಸಿಡಿ ಹಿಂದೆ ನೀಲಿ ವಿಜಿಎ ಪೋರ್ಟಿನ ಪಕ್ಕ ಬಿಳಿಯ ಅಗಲವಾದ ಪೋರ್ಟ್ ಇದೆಯಾ? ಅದು ಡಿವಿಐ. ಅದರಲ್ಲಿ ಅಂಕಿ ಅಂಕಿಯಾಗಿಯೇ ಹೋಗುತ್ತದೆ. ಮಧ್ಯೆ ಅನಲಾಗ್ ಇಲ್ಲ, ಫಿಲ್ಟರ್ ಇಲ್ಲ. ಕಾರ್ಡ್ ಕಳಿಸಿದ ಚುಕ್ಕಿ ಪರದೆಯ ಅದೇ ಚುಕ್ಕಿಗೆ ಹೋಗಿ ಕೂರುತ್ತದೆ. ಇದ್ದರೆ ಡಿವಿಐ ಇರುವ ಜಿಫೋರ್ಸ್ ಎಫ್‌ಎಕ್ಸ್ 5200 ಹುಡುಕಿ. 2003ರ ಕಾರ್ಡ್. ಬಹಳಷ್ಟು ಫ್ಯಾನ್ ಇಲ್ಲದೆ ಬರುತ್ತಿದ್ದವು, ಬರೀ ಅಲ್ಯೂಮಿನಿಯಂ ಹೀಟ್‌ಸಿಂಕ್. ಕಾಗದದ ಧೂಳಿರುವ ನಿಮ್ಮ ಅಂಗಡಿಗೆ ಅದೇ ಒಳ್ಳೆಯದು. ಎರಡು ಕಚ್ಚು ನೋಡಿಯೇ ತನ್ನಿ.

ಪಿನಾಕಿನಿ ದಡ, ಗೌರಿಬಿದನೂರು

ಎಫ್‌ಎಕ್ಸ್ 5200 ಆಟಕ್ಕೆ ಬಹಳ ನಿಧಾನ ಅಂತ ಆಗಲೇ ಬೈಸಿಕೊಂಡ ಕಾರ್ಡ್ ಅಲ್ವಾ? ಅದರಲ್ಲೂ 64 ಬಿಟ್ ಮೆಮೊರಿ ಇರುವುದಂತೂ ತೆವಳುತ್ತದೆ.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಅದರ ಕಾಲದ ಹೊಸ ಆಟಗಳಿಗೆ ನಿಧಾನ, ನಿಜ. 1999ರ ಯಂತ್ರದಲ್ಲಿ 1999ರ ಆಟ ಆಡಲು ಸಾಕು. 500 ಮೆಗಾಹರ್ಟ್ಸ್ ಸಿಪಿಯುವೇ ಮೊದಲು ಸುಸ್ತಾಗುತ್ತದೆ. ಪೇಜ್‌ಮೇಕರಿಗೆ 64 ಬಿಟ್, 128 ಬಿಟ್ ವ್ಯತ್ಯಾಸ ತಿಳಿಯುವುದೇ ಇಲ್ಲ.

ಪಿನಾಕಿನಿ ದಡ, ಗೌರಿಬಿದನೂರು

ಒಪ್ಪಿದೆ. ಅಪ್ಪನ ಕಣ್ಣು ಮುಖ್ಯ.

ತಟ್ಟೆ ಇಡ್ಲಿ, ಕ್ಯಾತ್ಸಂದ್ರ

ಯಾರೂ ಹಾರ್ಡ್ ಡಿಸ್ಕ್ ಮಾತೇ ಎತ್ತಲಿಲ್ಲವಲ್ಲ! ಮೇಡಂ, ಕಾರ್ಡ್ ಆಮೇಲೆ. ಮೊದಲು ಬ್ಯಾಕಪ್. 25 ವರ್ಷ ತಿರುಗಿದ ಡಿಸ್ಕ್ ಅದು. ಬಿಚ್ಚುವಾಗ, ಅಲ್ಲಾಡಿಸುವಾಗ ಏನು ಬೇಕಾದರೂ ಆಗಬಹುದು. ಐಡಿಇಯಿಂದ ಯುಎಸ್‌ಬಿಗೆ ಹಾಕುವ ಕನ್ವರ್ಟರ್ ಸಿಗುತ್ತದೆ. ಡಿಸ್ಕಿನ ಜಂಪರ್ ಮಾಸ್ಟರ್‌ನಲ್ಲಿ ಇರಲಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬರೀ ಫೈಲ್ ನಕಲು ಮಾಡಬೇಡಿ. ಇಡೀ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ಪಡಿಯಚ್ಚು ತೆಗೆಯಿರಿ. ಆಗ ಫಾಂಟು, ಡ್ರೈವರು, ಲಾಕಿನ ಸೆಟ್ಟಿಂಗು ಎಲ್ಲ ಹಾಗೇ ಉಳಿಯುತ್ತವೆ. ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಸಾಕು.

ನಾನು ತುಮಕೂರಿಗೆ ದಿನಾ ಬರುತ್ತೇನೆ. ಕನ್ವರ್ಟರ್ ನನ್ನ ಹತ್ತಿರ ಇದೆ. ಸಂಜೆ ಬಂದು ಕೊಡಲೇ?

ಮಂಡಿಪೇಟೆ ಮುದ್ರಣ, ತುಮಕೂರು

ಖಂಡಿತ ಬನ್ನಿ. ತುಂಬಾ ಉಪಕಾರ ಆಯಿತು. ಮಾನಿಟರ್ ಹಿಂದೆ ಬಿಳಿ ಪೋರ್ಟ್ ಇದೆ ಅಣ್ಣ! ಇಷ್ಟು ದಿನ ಅದು ಯಾತಕ್ಕೆ ಅಂತ ತಿಳಿದಿರಲಿಲ್ಲ.

ಬಿಬಿ ರಸ್ತೆ, ಚಿಕ್ಕಬಳ್ಳಾಪುರ

ಒಂದು ಕೇಳಬೇಕಿತ್ತು. ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಂ ಅನ್ನುತ್ತದಾ?

ಮಂಡಿಪೇಟೆ ಮುದ್ರಣ, ತುಮಕೂರು

ಅನ್ನುತ್ತದೆ. ಚಪ್ಪಲಿ ಹಾಕಿಕೊಂಡೇ ಕೂರುತ್ತೇವೆ. ಮೊದಲಿನಿಂದಲೂ ಹಾಗೇ.

ಬಿಬಿ ರಸ್ತೆ, ಚಿಕ್ಕಬಳ್ಳಾಪುರ

ಅರ್ಥಿಂಗ್ ಇಲ್ಲ ಮೇಡಂ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಒಳಗೆ ಕರೆಂಟಿನ ನಾಯ್ಸ್ ತಡೆಯಲು ಎರಡು ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಅದರಲ್ಲಿ ಹರಿಯುವ ಕರೆಂಟ್ ತುಂಬಾ ಕಡಿಮೆ, ಹಾಗಾಗಿ ಬರೀ ಜುಂ ಅನ್ನುತ್ತದೆ. ಆದರೆ ಕಂಪ್ಯೂಟರ್ ಮತ್ತು ಮಾನಿಟರ್ ಎರಡೂ ಆನ್ ಇರುವಾಗ ಮಧ್ಯದ ವೈರ್ ಸಿಕ್ಕಿಸಿದರೆ ಆ ವೋಲ್ಟೇಜ್ ಪಿನ್ನಿನ ಮೂಲಕ ಇಳಿಯುತ್ತದೆ. ಪೋರ್ಟ್ ಹೋಗಲು ಅಷ್ಟು ಸಾಕು. ಹೊಸ ಕಾರ್ಡ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ. ನಮ್ಮ ಮೂರೂ ಜಿಲ್ಲೆಯ ಮಣ್ಣು ಮಾರ್ಚ್ ಬಂದರೆ ಒಣಗಿ ಬಿರುಕು ಬಿಡುತ್ತದೆ.

ಎಸ್‌ಎಂಪಿಎಸ್ ಕೂಡ ಹಳೆಯದೇ ಇರಬೇಕು. ಮಲ್ಟಿಮೀಟರ್‌ನಲ್ಲಿ ಕೆಂಪು ವೈರ್ ನೋಡಿ, 4.75ರಿಂದ 5.25ರ ಒಳಗೆ ಇರಬೇಕು. ಬದಲಾಯಿಸಬೇಕಾದರೆ ಒಂದು ಎಚ್ಚರ. ಪೆಂಟಿಯಂ 3ರ ಕಾಲದ ಬೋರ್ಡ್ 5 ವೋಲ್ಟಿನಿಂದಲೇ ಜಾಸ್ತಿ ಎಳೆಯುತ್ತದೆ. ಈಗಿನ ಎಸ್‌ಎಂಪಿಎಸ್‌ಗಳ ಬಲವೆಲ್ಲ 12 ವೋಲ್ಟಿನಲ್ಲಿ. ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆ ಅನ್ನುವುದಕ್ಕಿಂತ 5 ವೋಲ್ಟಿಗೆ ಎಷ್ಟು ಆಂಪಿಯರ್ ಅಂತ ನೋಡಿ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಅರ್ಥಿಂಗ್ ಮಾತು ನೂರಕ್ಕೆ ನೂರು. ನಮ್ಮೂರಿನ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು. ಅಂಥ ಊರಿನ ಹಳೆಯ ಕ್ವಾರ್ಟರ್ಸ್‌ನಲ್ಲೂ ಅರ್ಥ್ ಇಲ್ಲದ ಎರಡು ಪಿನ್ನಿನ ಸಾಕೆಟ್ ಎಷ್ಟೋ ನೋಡಿದ್ದೇನೆ.

ಮಂಡಿಪೇಟೆ ಮುದ್ರಣ, ತುಮಕೂರು

ಹತ್ತು ದಿನ ಆಯಿತು, ಬರೆಯಲು ಆಗಲಿಲ್ಲ. ಮದುವೆ ಸೀಸನ್.

ಕ್ಯಾತ್ಸಂದ್ರದ ಅಣ್ಣ ಬಂದು ಇಡೀ ಡಿಸ್ಕಿನ ಇಮೇಜ್ ತೆಗೆದುಕೊಟ್ಟರು. ಎರಡು ಕಡೆ ಇಟ್ಟಿದ್ದೇನೆ. ಅರ್ಥಿಂಗ್ ಮಾಡಿಸಿದೆವು. ಈಗ ಜುಂ ಅನ್ನುವುದಿಲ್ಲ. ಕೆಂಪು ವೈರಿನಲ್ಲಿ 4.96 ಬಂತು.

ಸೋಮವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಆಟೋದಲ್ಲಿ ಎಸ್‌ಪಿ ರೋಡ್. ಮೊದಲ ನಾಲ್ಕೈದು ಅಂಗಡಿಯವರು ಎಜಿಪಿ ಅಂದ ಕೂಡಲೇ ತಲೆ ಆಡಿಸಿದರು. ಒಬ್ಬರು ಈಗಿನ ಬೋರ್ಡಿಗೆ ಹಾಕುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕೊಟ್ಟು "ಇದೂ ಅದೇ" ಅಂದರು. ನಾನು ಹಳೆಯ ಕಾರ್ಡಿನ ಫೋಟೋ ತೋರಿಸಿ "ಇದಕ್ಕೆ ಎರಡು ಕಚ್ಚು ಬೇಕು" ಅಂದೆ. ಕೊನೆಗೆ ಗಲ್ಲಿಯೊಳಗೆ, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಒಂದು ಗೋಣಿಚೀಲವನ್ನೇ ಮುಂದೆ ಸುರಿದರು. ನೆಲದ ಮೇಲೆ ಕೂತು ಒಂದೊಂದೇ ನೋಡಿದೆ. ಮುಕ್ಕಾಲು ಗಂಟೆ ಆಯಿತು. ಎಫ್‌ಎಕ್ಸ್ 5200, 128 ಎಂಬಿ, ಫ್ಯಾನ್ ಇಲ್ಲ, ಡಿವಿಐ ಇದೆ, ಎರಡು ಕಚ್ಚು. 600 ರೂಪಾಯಿ. ಅವರ ಹಳೆಯ ಟೆಸ್ಟ್ ಬೋರ್ಡಿಗೆ ಹಾಕಿ ಚಿತ್ರ ಬರುವುದನ್ನು ತೋರಿಸಿಯೇ ಕೊಟ್ಟರು. ಯಾವ ಕೆಲಸಕ್ಕೆ ಅಂತ ಕೇಳಿದರು. ಮದುವೆ ಕಾರ್ಡ್ ಅಂದೆ. ಡಿವಿಐ ವೈರ್ ಹಾಗೇ ಕೊಟ್ಟರು.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಸರಿಯಾದ ಕಾರ್ಡ್ ತಂದಿದ್ದೀರಿ. ಹಾಕುವ ಮುಂಚೆ ಮೂರು ಮಾತು. ಕಾರ್ಡಿನ ಬಂಗಾರ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಲ್ಲಿ ತೆಗೆಯಿರಿ. ಹಳೆಯ ಕಾರ್ಡ್ ಇರುವಾಗಲೇ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇಯನ್ನು ಸ್ಟ್ಯಾಂಡರ್ಡ್ ವಿಜಿಎಗೆ ಬದಲಾಯಿಸಿ, ಆಮೇಲೆ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಡ್ರೈವರ್ ಎನ್‌ವಿಡಿಯಾದ 45.23 ಹಾಕಿ. ವಿಂಡೋಸ್ 98ಕ್ಕೆ ಅವರು ಕೊಟ್ಟ ಕೊನೆಯದು 81.98. ಆದರೆ ಹಳೆಯ ಯಂತ್ರದಲ್ಲಿ 45.23 ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಮಂಡಿಪೇಟೆ ಮುದ್ರಣ, ತುಮಕೂರು

ಅಣ್ಣ, ಹಾಕಿದೆ. ಪರದೆ ಕಪ್ಪು. ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್. ಕೈ ನಡುಗುತ್ತಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಹೆದರಬೇಡಿ. ಆನ್ ಮಾಡಿದ ಕೂಡಲೇ ಬೋರ್ಡನ್ನು ಎಬ್ಬಿಸುವ ಅವಾರ್ಡ್ ಬಯಾಸ್‌ನಲ್ಲಿ ಅದರರ್ಥ ಕಾರ್ಡ್ ಕಾಣುತ್ತಿಲ್ಲ ಅಂತ. ಕರೆಂಟ್ ತೆಗೆಯಿರಿ. ಪಟ್ಟಿಯ ಸ್ಕ್ರೂ ಬಿಗಿ ಮಾಡಿದಾಗ ಕಾರ್ಡಿನ ಹಿಂತುದಿ ಮೇಲೆ ಏಳುತ್ತದೆ. ಬಿಎಕ್ಸ್ ಬೋರ್ಡುಗಳಲ್ಲಿ ಹಿಡಿದಿಡುವ ಕ್ಲಿಪ್ ಇರುವುದು ಕಡಿಮೆ. ಸ್ಕ್ರೂ ಸಡಿಲ ಮಾಡಿ, ಎರಡೂ ತುದಿ ಸಮನಾಗಿ ಒತ್ತಿ, ಹಿಂತುದಿಯನ್ನು ಬೆರಳಲ್ಲಿ ಹಿಡಿದೇ ಸ್ಕ್ರೂ ತಿರುಗಿಸಿ.

ಮಂಡಿಪೇಟೆ ಮುದ್ರಣ, ತುಮಕೂರು

ಬಂತು! ಒಂದೇ ಬೀಪ್. ಚಿತ್ರ ಬಂತು!

ಮಂಡಿಪೇಟೆ ಮುದ್ರಣ, ತುಮಕೂರು

ಡ್ರೈವರ್ ಹಾಕಿದೆ. 1280×1024, 32 ಬಿಟ್ ಬಂತು. ಆದರೆ ಈಗ ಬೇರೆ ತೊಂದರೆ. ಫಾಂಟ್ ಸಾಫ್ಟ್‌ವೇರ್ ಲಾಕ್ ಸಿಗುತ್ತಿಲ್ಲ ಅನ್ನುತ್ತಿದೆ. ಲಾಕ್ ತೆಗೆದು ಹಾಕಿದೆ, ಅದೇ ಮಾತು. ಹೊಸ ಕಾರ್ಡಿನಿಂದ ಹೀಗಾಯಿತಾ? ನಾಳೆ ಬೆಳಿಗ್ಗೆ ಒಂದು ನಾಮಕರಣದ ಕಾರ್ಡ್ ಕೊಡಬೇಕು.

ರೇಷ್ಮೆಗೂಡು, ಶಿಡ್ಲಘಟ್ಟ

ಮೇಡಂ, ಕ್ಲೀನ್ ಮಾಡುವಾಗ ಬೋರ್ಡಿನ ಸೆಲ್ ಏನಾದರೂ ತೆಗೆದಿದ್ದಿರಾ?

ಮಂಡಿಪೇಟೆ ಮುದ್ರಣ, ತುಮಕೂರು

ಹೌದು, ಹಳೆಯದಾಗಿದೆ ಅಂತ ಹೊಸ 2032 ಸೆಲ್ ಹಾಕಿದೆ.

ರೇಷ್ಮೆಗೂಡು, ಶಿಡ್ಲಘಟ್ಟ

ಅಲ್ಲೇ ಇದೆ ಉತ್ತರ. ಕಾರ್ಡಿನದೇನೂ ತಪ್ಪಿಲ್ಲ. ಸೆಲ್ ತೆಗೆದಾಗ ಬಯಾಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ಆನ್ ಮಾಡುವಾಗ ಡಿಲೀಟ್ ಒತ್ತಿ ಒಳಗೆ ಹೋಗಿ. ಇಂಟಿಗ್ರೇಟೆಡ್ ಪೆರಿಫೆರಲ್ಸ್ ಅಂತ ಇದೆ. ಪ್ಯಾರಲಲ್ ಪೋರ್ಟ್ 378 ಅಂತಲೇ ಇರಲಿ. ಅದರ ಮೋಡ್ ಇಸಿಪಿ ಅಂತ ಇದ್ದರೆ ಎಸ್‌ಪಿಪಿ ಅಥವಾ ನಾರ್ಮಲ್‌ಗೆ ಬದಲಾಯಿಸಿ. ಹಳೆಯ ಲಾಕುಗಳು ಕೆಲವು ಇಸಿಪಿಯಲ್ಲಿ ಮಾತಾಡುವುದಿಲ್ಲ. ದಿನಾಂಕವನ್ನೂ ಸರಿ ಮಾಡಿಬಿಡಿ.

ಮಂಡಿಪೇಟೆ ಮುದ್ರಣ, ತುಮಕೂರು

ಇಸಿಪಿ ಅಂತಲೇ ಇತ್ತು. ಬದಲಾಯಿಸಿದೆ. ತೆರೆಯಿತು. ರಾತ್ರಿ ಹನ್ನೊಂದೂವರೆ ಈಗ. ನಿಮಗೆಲ್ಲ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ.

ಅಪ್ಪ ಮಲಗಲಿಲ್ಲ. ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂತರು. ಮೂಗು ತಾಗಿಸಿ ಅಲ್ಲ, ಮೊದಲು ಕೂರುತ್ತಿದ್ದಷ್ಟು ದೂರದಲ್ಲಿ. ಅವತ್ತು ಒತ್ತು ತಪ್ಪಿದ್ದ ಆ ಕಾರ್ಡ್ ತೆರೆದರು. ತಪ್ಪಿದ್ದ ಮೊದಲ ಪ್ರತಿ, ತಿದ್ದಿದ ಪ್ರತಿ, ಎರಡನ್ನೂ ನೋಡಿದರು. "ಇಲ್ಲಿ ನೋಡು, ಈ ಮ ಒತ್ತು ಇಲ್ಲದಿರುವುದು ಈಗ ಕಾಣುತ್ತದೆ" ಅಂದರು. ಆಮೇಲೆ ನಾಮಕರಣದ ಕಾರ್ಡಿನ ಪ್ರೂಫ್ ಅವರೇ ನೋಡಿ ಮುಗಿಸಿದರು.

ಚಿಂತಾಮಣಿ ನೆಟ್‌ವರ್ಕ್

ಅಕ್ಕ, ಓದಿ ತುಂಬಾ ಸಂತೋಷ ಆಯಿತು. ಆ ಡಿಸ್ಕ್ ಇಮೇಜ್ ಆರು ತಿಂಗಳಿಗೊಮ್ಮೆ ಹೊಸದು ತೆಗೆಯುತ್ತಿರಿ.

ಪಿನಾಕಿನಿ ದಡ, ಗೌರಿಬಿದನೂರು

ಅಕ್ಕನ ಮಗ ಏನಂದ?

ಮಂಡಿಪೇಟೆ ಮುದ್ರಣ, ತುಮಕೂರು

ದಸರಾ ರಜೆಗೆ ಬರುತ್ತಾನೆ. ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ಆಡಬಹುದು ಅಂತ ಅಪ್ಪ ಆಗಲೇ ಫೋನ್ ಮಾಡಿ ಹೇಳಿದ್ದಾರೆ.

ಕೋಲಾರದ ಅಣ್ಣ, ಹಳೆಯ 4 ಎಂಬಿ ಕಾರ್ಡ್ ನಿಮ್ಮ ಟೆಸ್ಟಿಂಗ್ ಕೆಲಸಕ್ಕೆ ಬೇಕಾ? ಬಸ್ ಪಾರ್ಸಲ್‌ನಲ್ಲಿ ಕಳಿಸುತ್ತೇನೆ.

ಕ್ಲಾಕ್ ಟವರ್ ರಿಪೇರಿ, ಕೋಲಾರ

ಬೇಡ ಮೇಡಂ. ನಿಮ್ಮ ಹತ್ತಿರವೇ ಇರಲಿ. ಹೊಸದು ಸೆಕೆಂಡ್ ಹ್ಯಾಂಡ್ ಕಾರ್ಡ್. ಎಂದಾದರೂ ಪರದೆ ಕಪ್ಪಾದರೆ ತಪ್ಪು ಕಾರ್ಡಿನದೋ ಬೋರ್ಡಿನದೋ ಅಂತ ಐದು ನಿಮಿಷದಲ್ಲಿ ತಿಳಿಯಲು ಓಡುವ ಕಾರ್ಡ್ ಒಂದು ಮನೆಯಲ್ಲಿ ಇರಬೇಕು. ಹೊಸ ಕಾರ್ಡ್ ಬೆಳ್ಳಿ ಬಣ್ಣದ ಕವರಿನಲ್ಲಿ ಬಂದಿದ್ದರೆ ಅದರಲ್ಲೇ ಹಾಕಿಡಿ. ಮಾಮೂಲಿ ಪ್ಲಾಸ್ಟಿಕ್ ಕವರ್ ಬೇಡ, ಅದರಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ.

ಮಂಡಿಪೇಟೆ ಮುದ್ರಣ, ತುಮಕೂರು

ಸರಿ ಅಣ್ಣ. ಬೆಳ್ಳಿ ಕವರಿನಲ್ಲಿ ಹಾಕಿ, ಮದುವೆ ಕಾರ್ಡಿನ ಖಾಲಿ ಡಬ್ಬದಲ್ಲಿ ಇಟ್ಟೆ. ಮೇಲೆ "4 ಎಂಬಿ ಎಜಿಪಿ, ಓಡುತ್ತದೆ" ಅಂತ ಅಪ್ಪನೇ ಚೀಟಿ ಕಂಪೋಸ್ ಮಾಡಿ ಪ್ರಿಂಟ್ ತೆಗೆದು ಅಂಟಿಸಿದ್ದಾರೆ.